ಬಣ್ಣ ಕೇಳಿದ ಮೇಲೆ ಊರನ್ನೂ ಕೇಳಿ



ವೈದ್ಯಕೀಯ ಓದು ಮುಗಿಸಿ ಹೊರಡಲು ಅಣಿಯಾಗಿರುವ ನಿಮ್ಮಲ್ಲಿ ಕೆಲವರು ನಾಳೆ ಬರ್ಮಿಂಗ್‌ಹ್ಯಾಮ್‌ನಲ್ಲೋ ಡೆಟ್ರಾಯಿಟ್‌ನಲ್ಲೋ ಕೆಲಸಕ್ಕೆ ಸೇರುತ್ತೀರಿ. ಕೆಲವರು ಬೆಂಗಳೂರಿನಲ್ಲೇ ಉಳಿದು, ಚಿಕಿತ್ಸೆ ಹುಡುಕಿಕೊಂಡು ನೈಜೀರಿಯಾ, ಕೀನ್ಯಾ, ತಾಂಜಾನಿಯಾಗಳಿಂದ ಬಂದವರನ್ನು ನೋಡುತ್ತೀರಿ. ಇನ್ನು ಕೆಲವರಿಗೆ ಯಲ್ಲಾಪುರ, ಹಳಿಯಾಳದ ಕಡೆ ಪೋಸ್ಟಿಂಗ್ ಸಿಕ್ಕು, ಆಫ್ರಿಕ ಮೂಲದ ಸಿದ್ದಿ ಸಮುದಾಯದ ಹಿರಿಯರು ನಿಮ್ಮೆದುರು ಬಂದು ಕೂರುತ್ತಾರೆ. ಎಲ್ಲಿಗೆ ಹೋದರೂ ಒಂದು ಮಾತು ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ: ಕಪ್ಪು ಜನಾಂಗದ ಗಂಡಸರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಹೆಚ್ಚು. ಮಾತು ಸುಳ್ಳಲ್ಲ. ಆದರೆ ಅಲ್ಲಿಗೇ ನಿಲ್ಲಿಸಿದರೆ ಅದು ಅರ್ಧ ಸತ್ಯ. ವೈದ್ಯನ ಕೈಯಲ್ಲಿ ಅರ್ಧ ಸತ್ಯ ಇದ್ದರೆ ರೋಗಿಗೆ ಅಪಾಯ.

ನಾನು ಆಯುಷ್ಯದ ಬಹುಪಾಲನ್ನು ಮೂತ್ರಾಂಗ ರೋಗಗಳ ವಿಭಾಗದಲ್ಲೇ ಸವೆಸಿದವನು. ಈ ವಯಸ್ಸಿನಲ್ಲಿ ನಿಮಗೆ ಹೇಳಲೇಬೇಕು ಅನ್ನಿಸಿರುವುದು ಇಷ್ಟೇ. ರೋಗಿಯ ಬಣ್ಣ ತಿಳಿದ ಮೇಲೆ ಅವನ ಊರನ್ನೂ ಕೇಳಿ. ಅವನು ಎಲ್ಲಿ ಹುಟ್ಟಿದ, ಎಲ್ಲಿ ದುಡಿದ, ಯಾವ ಆಸ್ಪತ್ರೆಯ ಬಾಗಿಲು ಅವನಿಗೆ ತೆರೆದಿತ್ತು, ಎಷ್ಟು ತಡವಾಗಿ ಬಂದ ಅನ್ನುವುದನ್ನೆಲ್ಲ ಕೇಳಿ. ರೋಗ ಬರುವುದರಲ್ಲಿ ರಕ್ತದ ಪಾಲು ಇದೆ. ಆ ರೋಗದಿಂದ ಸಾಯುವುದರಲ್ಲಿ ಮಾತ್ರ ಊರಿನ ಪಾಲು ಬಹಳ ದೊಡ್ಡದು. ಜಗತ್ತಿನ ಬೇರೆ ಬೇರೆ ಭಾಗಗಳ ಕಪ್ಪುವರ್ಣೀಯರನ್ನು ಹೋಲಿಸಿ ನೋಡಿದವರು ಕಂಡುಕೊಂಡ ಪಾಠ ಇದು.

ಒಬ್ಬರ ಬದುಕನ್ನು ಮುಂದಿಟ್ಟುಕೊಂಡು ನೋಡೋಣ. ಸ್ಟೋಕ್ಲಿ ಕಾರ್ಮೈಕಲ್ 1941ರಲ್ಲಿ ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಹುಟ್ಟಿದರು. ಬಾಲ್ಯದಲ್ಲೇ ನ್ಯೂಯಾರ್ಕ್ ಸೇರಿ, ಮುಂದೆ ಅಮೆರಿಕದ ನಾಗರಿಕ ಹಕ್ಕುಗಳ ಚಳವಳಿಯ ಮುಂಚೂಣಿಯಲ್ಲಿ ನಿಂತರು. 1967ರಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ ಜೊತೆಗೂಡಿ ಬರೆದ 'ಬ್ಲ್ಯಾಕ್ ಪವರ್' ಪುಸ್ತಕದಲ್ಲಿ, ವರ್ಣಭೇದ ವ್ಯಕ್ತಿಗಳ ಮನಸ್ಸನ್ನು ದಾಟಿ ಸಂಸ್ಥೆಗಳ ನಡವಳಿಕೆಯಲ್ಲೇ ಬೇರೂರಿದೆ ಎಂದು ವಾದಿಸಿದರು. 1969ರಲ್ಲಿ ಪಶ್ಚಿಮ ಆಫ್ರಿಕದ ಗಿನಿಗೆ ಹೋಗಿ ನೆಲೆಸಿ, ಕ್ವಾಮೆ ಟುರೆ ಎಂದು ಹೆಸರಿಟ್ಟುಕೊಂಡರು. 1998ರ ನವೆಂಬರ್‌ನಲ್ಲಿ ಅಲ್ಲಿಯ ರಾಜಧಾನಿ ಕೊನಾಕ್ರಿಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ಅವರ ವಯಸ್ಸು 57. ಕೆರಿಬಿಯನ್ ದ್ವೀಪ, ಅಮೆರಿಕ, ಆಫ್ರಿಕ ಮೂರೂ ಆ ಒಂದು ಬದುಕಿನಲ್ಲಿ ಹಾದುಹೋದವು. ಸಂಶೋಧಕರು ಹೋಲಿಸುತ್ತಿರುವುದೂ ಮುಖ್ಯವಾಗಿ ಈ ಮೂರು ನೆಲಗಳನ್ನು, ಜೊತೆಗೆ ಬ್ರಿಟನ್ನನ್ನು.

ಹೋಲಿಕೆ ಯಾಕೆ ಬೇಕು? ಗುಲಾಮರ ವ್ಯಾಪಾರದ ಶತಮಾನಗಳಲ್ಲಿ ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಆಫ್ರಿಕನ್ನರನ್ನು ಅಟ್ಲಾಂಟಿಕ್ ದಾಟಿಸಲು ಹಡಗಿಗೆ ತುಂಬಿದರು. ಬಹುಪಾಲು ಜನ ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಕರಾವಳಿಯಿಂದ ಹೋದವರು. ಅವರ ಸಂತತಿ ಇಂದು ಕಿಂಗ್‌ಸ್ಟನ್‌ನಲ್ಲಿದೆ, ಷಿಕಾಗೋದಲ್ಲಿದೆ, ಲಂಡನ್ನಿನಲ್ಲಿದೆ. ಮೂಲ ಒಂದೇ, ಅನ್ನ ನೀರು ಆಸ್ಪತ್ರೆ ಬೇರೆ ಬೇರೆ. ಇಂಥ ಜನರನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಯಾವುದು ವಂಶದಿಂದ ಬಂತು, ಯಾವುದು ವ್ಯವಸ್ಥೆಯಿಂದ ಬಂತು ಎಂದು ಬಿಡಿಸಿ ನೋಡಲು ದಾರಿ ಸಿಗುತ್ತದೆ. ಆ ವ್ಯಾಪಾರದ ಕ್ರೌರ್ಯವನ್ನು ಮರೆತು ಈ ವಿಜ್ಞಾನವನ್ನು ಓದಬೇಡಿ. ನಿಮ್ಮ ಮುಂದಿರುವ ಪ್ರತಿ ಅಂಕಿಯ ಹಿಂದೆ ಆ ಇತಿಹಾಸ ಇದೆ.

ಈಗ ಅಂಕಿಗಳಿಗೆ ಬರೋಣ. 2022ರಲ್ಲಿ ಜಗತ್ತಿನಾದ್ಯಂತ ಸುಮಾರು 14.7 ಲಕ್ಷ ಗಂಡಸರಿಗೆ ಹೊಸದಾಗಿ ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಯಾಯಿತು, ಸುಮಾರು 4 ಲಕ್ಷ ಜನ ಅದರಿಂದ ಸತ್ತರು. ಅಮೆರಿಕದಲ್ಲಿ ಒಟ್ಟಾರೆ ಎಂಟು ಗಂಡಸರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಈ ರೋಗ ಪತ್ತೆಯಾಗುತ್ತದೆ. ಕಪ್ಪುವರ್ಣೀಯರಲ್ಲಿ ಅದು ಆರಕ್ಕೆ ಒಬ್ಬರು. ಈ ರೋಗದಿಂದ ಸಾಯುವ ಪ್ರಮಾಣವೋ, ಅಲ್ಲಿನ ಬಿಳಿಯರಿಗೆ ಹೋಲಿಸಿದರೆ ಕಪ್ಪುವರ್ಣೀಯರಲ್ಲಿ ಸುಮಾರು ಎರಡು ಪಟ್ಟು. ಇಂಗ್ಲೆಂಡಿನ ದಾಖಲೆಗಳನ್ನು ಆಧರಿಸಿ 2015ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ: ಕಪ್ಪುವರ್ಣೀಯರಲ್ಲಿ ನಾಲ್ವರಲ್ಲಿ ಒಬ್ಬರಿಗೆ, ಬಿಳಿಯರಲ್ಲಿ ಎಂಟು ಜನರಲ್ಲಿ ಒಬ್ಬರಿಗೆ, ಏಷ್ಯಾ ಮೂಲದವರಲ್ಲಿ ಹದಿಮೂರು ಜನರಲ್ಲಿ ಒಬ್ಬರಿಗೆ ರೋಗ ಪತ್ತೆಯಾಗುತ್ತದೆ.

ಇಷ್ಟನ್ನೇ ಓದಿದವರು ಎಲ್ಲವೂ ರಕ್ತದಲ್ಲೇ ಇದೆ ಅಂದುಕೊಳ್ಳುತ್ತಾರೆ. ಅದೇ ಇಂಗ್ಲೆಂಡಿನ ಲೆಕ್ಕದ ಮುಂದಿನ ಸಾಲನ್ನು ಓದಿ. ಅಲ್ಲಿ ಈ ಕ್ಯಾನ್ಸರ್‌ನಿಂದ ಸಾಯುವ ಸಂಭವ ಕಪ್ಪುವರ್ಣೀಯರಲ್ಲಿ ಹನ್ನೆರಡಕ್ಕೆ ಒಂದು, ಬಿಳಿಯರಲ್ಲಿ ಇಪ್ಪತ್ತನಾಲ್ಕಕ್ಕೆ ಒಂದು, ಏಷ್ಯಾ ಮೂಲದವರಲ್ಲಿ ನಲವತ್ತನಾಲ್ಕಕ್ಕೆ ಒಂದು. ಈಗ ಎರಡು ಸಾಲನ್ನೂ ಸೇರಿಸಿ ಭಾಗಿಸಿ ನೋಡಿ. ರೋಗ ಪತ್ತೆಯಾದವರಲ್ಲಿ ಅದರಿಂದಲೇ ಸಾಯುವವರು ಮೂವರಲ್ಲಿ ಒಬ್ಬರ ಆಸುಪಾಸು, ಮೂರೂ ಗುಂಪಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಆಸ್ಪತ್ರೆಯಲ್ಲಿ ದುಡ್ಡು ಕೇಳದ ಆ ದೇಶದಲ್ಲಿ ಕಪ್ಪುವರ್ಣೀಯರಿಗೆ ರೋಗ ಹೆಚ್ಚಾಗಿ ಬರುತ್ತದೆ, ನಿಜ. ಬಂದ ಮೇಲೆ ಅದು ಅವರನ್ನು ಬೇರೆಯವರಿಗಿಂತ ಬೇರೆ ರೀತಿಯಲ್ಲಿ ಕೊಲ್ಲುತ್ತದೆ ಎನ್ನಲು ಈ ಲೆಕ್ಕದಲ್ಲಿ ಆಧಾರ ಕಾಣುವುದಿಲ್ಲ.

ಅಮೆರಿಕದಲ್ಲೂ ಇಂಥದೇ ಒಂದು ಸಾಕ್ಷ್ಯ ಇದೆ. ಅಲ್ಲಿ ಮಾಜಿ ಸೈನಿಕರಿಗೆ ಪ್ರತ್ಯೇಕ ಆರೋಗ್ಯ ವ್ಯವಸ್ಥೆ ಇದೆ. ಅದರಲ್ಲಿ ಬಿಳಿಯ ಸೈನಿಕನಿಗೂ ಕಪ್ಪು ಸೈನಿಕನಿಗೂ ಒಂದೇ ಬಾಗಿಲು, ಒಂದೇ ಔಷಧಿ. ಆ ವ್ಯವಸ್ಥೆಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದ ಅರವತ್ತು ಸಾವಿರಕ್ಕೂ ಹೆಚ್ಚು ಮಂದಿಯ ದಾಖಲೆಗಳನ್ನು ನೋಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಪ್ಪುವರ್ಣೀಯರು ತಡವಾದ ಹಂತದಲ್ಲಿ ಬಂದಿರಲಿಲ್ಲ, ಅವರ ಸಾವಿನ ಪ್ರಮಾಣವೂ ಬಿಳಿಯರಿಗಿಂತ ಹೆಚ್ಚಿರಲಿಲ್ಲ. ಅಂದರೆ ಬಾಗಿಲು ಸಮಾನವಾಗಿ ತೆರೆದಿರುವ ಕಡೆ, ರೋಗ ಬಂದವರಲ್ಲಿ ಸಾಯುವವರ ಪ್ರಮಾಣ ಸಮನಾಗುತ್ತದೆ. ವಂಶವಾಹಿಯೇ ಎಲ್ಲವನ್ನೂ ತೀರ್ಮಾನಿಸುವುದಾದರೆ ಹೀಗಾಗುವುದು ಹೇಗೆ?

ಈಗ ಖಂಡಗಳನ್ನು ಪಕ್ಕಪಕ್ಕ ಇಡೋಣ. ಎಳೆಯರು ಹೆಚ್ಚಿರುವ ದೇಶವನ್ನೂ ಮುದುಕರು ಹೆಚ್ಚಿರುವ ದೇಶವನ್ನೂ ನೇರವಾಗಿ ಹೋಲಿಸಬಾರದು. ಪ್ರಾಸ್ಟೇಟ್ ಕ್ಯಾನ್ಸರ್ ಮುಖ್ಯವಾಗಿ ವಯಸ್ಸಾದವರ ರೋಗ, ಆಫ್ರಿಕದ ಜನಸಂಖ್ಯೆಯೋ ಎಳೆಯದು. ಅದಕ್ಕೇ ವಯೋಮಾನವನ್ನು ಸರಿದೂಗಿಸಿದ ದರಗಳನ್ನು ಮಾತ್ರ ನೋಡಿ. 2020ರ ಜಾಗತಿಕ ಅಂದಾಜಿನಂತೆ ಉತ್ತರ ಅಮೆರಿಕದಲ್ಲಿ ಲಕ್ಷ ಗಂಡಸರಿಗೆ ಹೊಸದಾಗಿ ಪತ್ತೆಯಾಗುವ ರೋಗಿಗಳು ಸುಮಾರು 73, ಸಾಯುವವರು ಸುಮಾರು 8. ಕೆರಿಬಿಯನ್ ದ್ವೀಪಗಳಲ್ಲಿ ಪತ್ತೆಯಾಗುವವರು ಸುಮಾರು 76, ಸಾಯುವವರು ಸುಮಾರು 28. ಮಧ್ಯ ಆಫ್ರಿಕದಲ್ಲಿ ಪತ್ತೆಯಾಗುವುದು ಉತ್ತರ ಅಮೆರಿಕದ ಅರ್ಧದಷ್ಟು, ಸಾವು ಮಾತ್ರ ಸುಮಾರು 25. ಪತ್ತೆಯಾದವರ ಸಂಖ್ಯೆ ಕಡಿಮೆ, ಸತ್ತವರ ಸಂಖ್ಯೆ ಹೆಚ್ಚು. ಒಂದು ನಾಡಿನ ಆರೋಗ್ಯ ವ್ಯವಸ್ಥೆ ಎಲ್ಲಿ ಸೋತಿದೆ ಎಂದು ತಿಳಿಯಬೇಕಾದರೆ ಈ ಎರಡು ಅಂಕಿಗಳ ನಡುವಿನ ಅಂತರವನ್ನು ನೋಡಿ.

ಒಂದು ಎಚ್ಚರಿಕೆ. ಹೆಚ್ಚು ಬಲೆ ಬೀಸಿದ ಕೆರೆಯಲ್ಲಿ ಹೆಚ್ಚು ಮೀನು ಸಿಕ್ಕಿತೆಂದ ಮಾತ್ರಕ್ಕೆ, ಬಲೆಯೇ ಬೀಳದ ಪಕ್ಕದ ಕೆರೆಯಲ್ಲಿ ಮೀನಿಲ್ಲ ಎನ್ನಲಾಗದು. ಅಮೆರಿಕದಲ್ಲಿ ರಕ್ತದ ಪಿಎಸ್‌ಎ ಪರೀಕ್ಷೆಗೆ 1986ರಲ್ಲಿ ಅನುಮತಿ ಸಿಕ್ಕಿತು, 1990ರ ದಶಕದಲ್ಲಿ ಅದು ಮನೆಮಾತಾಯಿತು, ಪತ್ತೆಯಾಗುವ ರೋಗಿಗಳ ಸಂಖ್ಯೆಯೂ ಏರಿತು. ಆಫ್ರಿಕದ ಬಹುಭಾಗಕ್ಕೆ ಆ ಪರೀಕ್ಷೆ ಮುಟ್ಟಲೇ ಇಲ್ಲ. ಹಾಗಾಗಿ ಆಫ್ರಿಕದ ಕಪ್ಪು ಜನರಿಗೆ ಈ ರೋಗ ಅಪರೂಪ, ಅಮೆರಿಕಕ್ಕೆ ಹೋದವರಿಗೆ ಮಾತ್ರ ಹೆಚ್ಚು ಎಂಬ ನಂಬಿಕೆ ಬಹುಕಾಲ ಪಠ್ಯಪುಸ್ತಕಗಳಲ್ಲಿ ಉಳಿದಿತ್ತು.

ಆ ನಂಬಿಕೆಯನ್ನು ಅಲುಗಾಡಿಸಿದ್ದು ಸಾಮಾನ್ಯ ಜನರನ್ನೇ ಕರೆದು ಪರೀಕ್ಷೆ ಮಾಡಿದವರು. ಘಾನಾದ ಆಕ್ರಾದಲ್ಲಿ 50ರಿಂದ 74 ವರ್ಷದ ಒಂದು ಸಾವಿರಕ್ಕೂ ಹೆಚ್ಚು ಸಾಮಾನ್ಯ ಗಂಡಸರನ್ನು ಪರೀಕ್ಷಿಸಿದಾಗ ನೂರಕ್ಕೆ ಏಳು ಮಂದಿಯಲ್ಲಿ ಕ್ಯಾನ್ಸರ್ ಕಂಡುಬಂತು. ಕೆರಿಬಿಯನ್ನಿನ ಪುಟ್ಟ ದ್ವೀಪ ಟೊಬೇಗೋದಲ್ಲಿ 40 ದಾಟಿದವರನ್ನು ಇದೇ ರೀತಿ ಪರೀಕ್ಷಿಸಿದಾಗ ಹತ್ತರಲ್ಲಿ ಒಬ್ಬರಲ್ಲಿ ಸಿಕ್ಕಿತು. ಇವರು ಆಸ್ಪತ್ರೆಗೆ ದೂರು ಹೇಳಿಕೊಂಡು ಬಂದವರಲ್ಲ. ತಮ್ಮ ಕೆಲಸ ತಾವು ಮಾಡಿಕೊಂಡಿದ್ದವರು. ಆಫ್ರಿಕದಲ್ಲಿ ರೋಗ ಇತ್ತು, ಎಣಿಸುವವರು ತೀರ ಕಡಿಮೆ ಇದ್ದರು. ಎಣಿಕೆಯ ಕೆಲಸವನ್ನು ಕೀಳಾಗಿ ಕಾಣಬೇಡಿ. ಕಂಪಾಲಾದಲ್ಲಿ 1954ರಲ್ಲಿ, ನೈಜೀರಿಯಾದ ಇಬಾದಾನ್‌ನಲ್ಲಿ 1962ರಲ್ಲಿ ಕ್ಯಾನ್ಸರ್ ನೋಂದಣಿ ಶುರುಮಾಡಿದವರು ದೊಡ್ಡ ಉಪಕಾರ ಮಾಡಿದರು. ನಮ್ಮ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ನೋಂದಣಿ 1980ರ ದಶಕದ ಆರಂಭದಿಂದ ನಡೆದುಬಂದಿದೆ. ಕ್ಯಾನ್ಸರ್ ನೋಂದಣಿಯ ನಮೂನೆಯಲ್ಲಿ ರೋಗಿಯ ಹಂತ, ವಯಸ್ಸು, ವಾಸಸ್ಥಳವನ್ನು ಬೇಸರಪಡದೆ ತುಂಬಿ. ನೀವು ಬಿಟ್ಟ ಖಾಲಿ ಜಾಗದಲ್ಲಿ ಮುಂದಿನ ತಲೆಮಾರಿನ ಉತ್ತರ ಕಾಣೆಯಾಗುತ್ತದೆ.

ಹಾಗಾದರೆ ರಕ್ತದ ಪಾಲು ಏನೂ ಇಲ್ಲವೇ? ಇದೆ, ಅದನ್ನು ಮುಚ್ಚಿಡುವುದೂ ತಪ್ಪು. 2006ರಲ್ಲಿ ಎಂಟನೇ ಕ್ರೋಮೋಸೋಮಿನ ಒಂದು ಭಾಗದಲ್ಲಿ ಈ ರೋಗದ ಅಪಾಯ ಹೆಚ್ಚಿಸುವ ಬದಲಾವಣೆಗಳು ಗೊತ್ತಾದವು. ಅವುಗಳಲ್ಲಿ ಹಲವು ಆಫ್ರಿಕ ಮೂಲದವರಲ್ಲಿ ಹೆಚ್ಚು ಸಾಮಾನ್ಯ. 2021ರಲ್ಲಿ ವಿವಿಧ ಜನಾಂಗಗಳ ದೊಡ್ಡ ಅಧ್ಯಯನವೊಂದು 269 ಇಂಥ ಗುರುತುಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ಆಫ್ರಿಕ ಮೂಲದವರ ಸರಾಸರಿ ಆನುವಂಶಿಕ ಅಪಾಯ ಯುರೋಪ್ ಮೂಲದವರ ಎರಡು ಪಟ್ಟಿಗೂ ತುಸು ಹೆಚ್ಚು ಎಂದು ಕಂಡುಬಂತು. ಹಾಕ್ಸ್‌ಬಿ13 ಎಂಬ ಜೀನ್‌ನಲ್ಲಿ ಪಶ್ಚಿಮ ಆಫ್ರಿಕ ಮೂಲದ ಕೆಲವರಲ್ಲಿ ಮಾತ್ರ ಕಾಣುವ ಒಂದು ಬದಲಾವಣೆ ಉಗ್ರ ಸ್ವರೂಪದ ಕ್ಯಾನ್ಸರ್‌ಗೆ ಸಂಬಂಧಿಸಿದ್ದು ಎಂಬುದೂ ಗೊತ್ತಾಗಿದೆ.

ಆದರೆ ಆಫ್ರಿಕ ಎಂದರೆ ಒಂದು ಜನಾಂಗ ಅಂದುಕೊಳ್ಳಬೇಡಿ. ಮನುಷ್ಯಕುಲದ ಅತಿ ಹೆಚ್ಚು ಆನುವಂಶಿಕ ವೈವಿಧ್ಯ ಇರುವುದೇ ಆ ಖಂಡದಲ್ಲಿ. ಡಾಕಾರ್‌ನವನಿಗೂ ದಕ್ಷಿಣ ಆಫ್ರಿಕದ ಲಿಂಪೋಪೋ ಪ್ರಾಂತ್ಯದವನಿಗೂ ಇರುವ ಅಂತರ ದೊಡ್ಡದು. 2010ರಲ್ಲಿ ಆಫ್ರಿಕದ ದಕ್ಷಿಣ ಭಾಗದ ಕೆಲವರ ಇಡೀ ವಂಶವಾಹಿಯನ್ನು ಓದಿ ಪ್ರಕಟಿಸಿದಾಗ ಅವರಲ್ಲಿ ಒಬ್ಬರು ಆರ್ಚ್‌ಬಿಷಪ್ ಡೆಸ್ಮಂಡ್ ಟುಟು. ಅವರೇ ಪ್ರಾಸ್ಟೇಟ್ ಕ್ಯಾನ್ಸರ್ ರೋಗಿ. ಆ ಕೆಲಸದಲ್ಲಿ ಮುಂದಾಳಾಗಿದ್ದ ವನೆಸ್ಸಾ ಹೇಯ್ಸ್ ಮತ್ತು ಸಂಗಡಿಗರು 2022ರಲ್ಲಿ ದಕ್ಷಿಣ ಆಫ್ರಿಕದ ರೋಗಿಗಳ ಗಡ್ಡೆಗಳನ್ನು ಆಸ್ಟ್ರೇಲಿಯದ ರೋಗಿಗಳ ಗಡ್ಡೆಗಳೊಂದಿಗೆ ಹೋಲಿಸಿ, ಆಫ್ರಿಕದ ಗಡ್ಡೆಗಳಲ್ಲಿ ವಂಶವಾಹಿಯ ಹಾನಿ ಹೆಚ್ಚೆಂದು ತೋರಿಸಿದರು. ಸೆನೆಗಲ್, ಘಾನಾ, ನೈಜೀರಿಯಾ, ದಕ್ಷಿಣ ಆಫ್ರಿಕಗಳ ಆಸ್ಪತ್ರೆಗಳು ಅಮೆರಿಕದ ಸಂಶೋಧಕರೊಂದಿಗೆ ಸೇರಿ ಮ್ಯಾಡ್‌ಕ್ಯಾಪ್ ಎಂಬ ಜಾಲ ಕಟ್ಟಿಕೊಂಡಿವೆ. ಆಫ್ರಿಕದ ರೋಗವನ್ನು ಆಫ್ರಿಕದಲ್ಲೇ ಓದುವ ಕೆಲಸ ಈಗಷ್ಟೇ ಗಟ್ಟಿಯಾಗುತ್ತಿದೆ.

ವಂಶ, ಆಸ್ಪತ್ರೆ ಎರಡರ ಜೊತೆಗೆ ಮೂರನೆಯದೊಂದು ಇದೆ: ನೆಲ. ಫ್ರಾನ್ಸ್‌ಗೆ ಸೇರಿದ ಗ್ವಾಡೆಲೂಪ್, ಮಾರ್ಟಿನಿಕ್ ದ್ವೀಪಗಳಲ್ಲಿ ಬಾಳೆ ತೋಟಗಳೇ ಜೀವಾಳ. ಬಾಳೆಗೆ ಬೀಳುವ ಮೂತಿಹುಳುವನ್ನು ಕೊಲ್ಲಲು 1972ರಿಂದ 1993ರವರೆಗೆ ಅಲ್ಲಿ ಕ್ಲೋರ್ಡೆಕೋನ್ ಎಂಬ ವಿಷವನ್ನು ಬಳಸಿದರು. ಅಮೆರಿಕದ ವರ್ಜೀನಿಯಾದ ಹೋಪ್‌ವೆಲ್‌ನಲ್ಲಿ ಅದನ್ನು ತಯಾರಿಸುತ್ತಿದ್ದ ಕಾರ್ಖಾನೆಯ ಕಾರ್ಮಿಕರ ಕೈಕಾಲು ನಡುಗತೊಡಗಿ, 1975ರಲ್ಲೇ ಆ ಕಾರ್ಖಾನೆ ಮುಚ್ಚಿತ್ತು. ಫ್ರಾನ್ಸ್ 1990ರಲ್ಲಿ ನಿಷೇಧಿಸಿದ ಮೇಲೂ ದ್ವೀಪಗಳಿಗೆ ವಿನಾಯಿತಿ ಕೊಟ್ಟು ಬಳಕೆ ಮುಂದುವರಿಸಿದರು. ಇಂದಿಗೂ ಆ ವಿಷ ಮಣ್ಣಿನಲ್ಲಿದೆ, ನೀರಿನಲ್ಲಿದೆ, ಅಲ್ಲಿಯ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿದೆ. ರಕ್ತದಲ್ಲಿ ಅದರ ಅಂಶ ಹೆಚ್ಚಿದ್ದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಅಪಾಯವೂ ಹೆಚ್ಚು ಎಂದು ಗ್ವಾಡೆಲೂಪ್‌ನಲ್ಲಿ ನಡೆದ ಅಧ್ಯಯನ 2010ರಲ್ಲಿ ತೋರಿಸಿತು. 2021ರ ಕೊನೆಗೆ ಫ್ರಾನ್ಸ್ ಸರ್ಕಾರ ಕೀಟನಾಶಕದ ನಡುವೆ ದುಡಿದ ಕೃಷಿ ಕಾರ್ಮಿಕರ ಪ್ರಾಸ್ಟೇಟ್ ಕ್ಯಾನ್ಸರನ್ನು ವೃತ್ತಿಜನ್ಯ ರೋಗವೆಂದು ಒಪ್ಪಿಕೊಂಡಿತು.

2018ರ ಜಾಗತಿಕ ಅಂದಾಜಿನಲ್ಲಿ ಈ ಕ್ಯಾನ್ಸರ್ ಅತಿ ಹೆಚ್ಚು ಪತ್ತೆಯಾದದ್ದು ಗ್ವಾಡೆಲೂಪ್‌ನಲ್ಲೇ. ಹಾಗೆಂದು ಎಲ್ಲ ಹೊಣೆಯನ್ನೂ ಆ ವಿಷದ ತಲೆಗೆ ಕಟ್ಟಬೇಡಿ. ಜಮೈಕಾ, ಬಾರ್ಬಡೋಸ್‌ಗಳಲ್ಲೂ ಈ ರೋಗದ ಸಾವು ಹೆಚ್ಚು. ಗ್ವಾಡೆಲೂಪ್‌ನಲ್ಲಿ ವಂಶವೂ ಇದೆ, ಫ್ರಾನ್ಸ್ ಮಾದರಿಯ ಪರೀಕ್ಷಾ ಸೌಲಭ್ಯವೂ ಇದೆ, ವಿಷವೂ ಇದೆ. ಮೂರನ್ನೂ ಒಟ್ಟಿಗೆ ತೂಗುವ ತಾಳ್ಮೆ ನಿಮಗಿರಲಿ. ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಸುರಿದು ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಯ ಮನೆಗಳು ಅನುಭವಿಸಿದ್ದನ್ನು ಬಲ್ಲ ನಮಗೆ ಆ ದ್ವೀಪದವರ ಸಂಕಟ ದೂರದ್ದಲ್ಲ. ತೋಟದ ಕೂಲಿಯವನು ನಿಮ್ಮ ಮುಂದೆ ಕುಳಿತಾಗ ಅವನು ಏನು ಸಿಂಪಡಿಸಿದ, ಎಷ್ಟು ವರ್ಷ ಸಿಂಪಡಿಸಿದ ಎಂದು ಕೇಳುವುದು ರೋಗಚರಿತ್ರೆಯ ಭಾಗವೇ ಆಗಬೇಕು.

ಇನ್ನು ಚಿಕಿತ್ಸೆಯ ಮಾತು. ರೋಗ ಗ್ರಂಥಿಯ ಒಳಗೇ ಇರುವಾಗ ಸಿಕ್ಕರೆ ಐದು ವರ್ಷ ದಾಟುವವರು ಅಮೆರಿಕದಲ್ಲಿ ನೂರಕ್ಕೆ ನೂರರ ಹತ್ತಿರ. ಮೂಳೆಗೆ ಹರಡಿದ ಮೇಲೆ ಸಿಕ್ಕರೆ ಮೂರನೇ ಒಂದರಷ್ಟು ಮಂದಿ ಮಾತ್ರ. ಮೊದಲ ಹಂತದಲ್ಲಿ ಈ ರೋಗ ನೋವು ಕೊಡುವುದಿಲ್ಲ, ಸುಳಿವನ್ನೂ ಕೊಡುವುದಿಲ್ಲ. ಪಶ್ಚಿಮ ಆಫ್ರಿಕದ ಆಸ್ಪತ್ರೆಗಳಿಗೆ ಬಹಳಷ್ಟು ಜನ ಬರುವುದು ಸೊಂಟ ಹಿಡಿದು, ಮೂತ್ರ ಕಟ್ಟಿ, ಕೆಲವೊಮ್ಮೆ ಕಾಲಿನ ಸ್ವಾಧೀನ ತಪ್ಪಿದ ಮೇಲೆ. ಆಗ ವಾಸಿಮಾಡುವ ಕಾಲ ಮೀರಿರುತ್ತದೆ, ನೋವು ಇಳಿಸಿ ಆಯಸ್ಸನ್ನು ಒಂದಿಷ್ಟು ಮುಂದೂಡಬಹುದು ಅಷ್ಟೇ.

ಬಂದವರಿಗೆ ಕೊಡಲು ಏನಿದೆ ಎನ್ನುವುದನ್ನೂ ನೋಡಿ. 2016ರಲ್ಲಿ ಉಗಾಂಡಾದ ಮುಲಾಗೋ ಆಸ್ಪತ್ರೆಯಲ್ಲಿದ್ದ, ಇಡೀ ದೇಶಕ್ಕೆ ಒಂದೇ ಆಗಿದ್ದ ರೇಡಿಯೋಥೆರಪಿ ಯಂತ್ರ ಕೆಟ್ಟು ನಿಂತಿತು. ಹೊಸದು ಕೆಲಸ ಶುರುಮಾಡುವಷ್ಟರಲ್ಲಿ ಎರಡು ವರ್ಷದ ಹತ್ತಿರ ಕಳೆಯಿತು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 2022ರಲ್ಲಿ ‘ರೇಯ್ಸ್ ಆಫ್ ಹೋಪ್’ ಯೋಜನೆ ಆರಂಭಿಸಿದಾಗ ಆಫ್ರಿಕದ ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ರೇಡಿಯೋಥೆರಪಿಯೇ ಇರಲಿಲ್ಲ. ವೃಷಣಗಳ ಹಾರ್ಮೋನು ನಿಂತರೆ ಈ ಕ್ಯಾನ್ಸರ್ ಕುಗ್ಗುತ್ತದೆ ಎಂದು ಚಾರ್ಲ್ಸ್ ಹಗ್ಗಿನ್ಸ್ 1941ರಲ್ಲಿ ತೋರಿಸಿದರು, ಅದಕ್ಕೆ 1966ರಲ್ಲಿ ನೊಬೆಲ್ ಬಂತು. ಶ್ರೀಮಂತ ದೇಶಗಳಲ್ಲಿ ಆ ಕೆಲಸವನ್ನು ಈಗ ಚುಚ್ಚುಮದ್ದು, ಮಾತ್ರೆ ಮಾಡುತ್ತವೆ. ಬಡ ದೇಶಗಳಲ್ಲಿ ಇಂದಿಗೂ ವೃಷಣ ತೆಗೆಯುವ ಶಸ್ತ್ರಚಿಕಿತ್ಸೆಯೇ ಬಹುಮಂದಿಗೆ ಕೈಗೆಟುಕುವ ದಾರಿ. ಹಳೆಯದೆಂದು ಅದನ್ನು ತಾತ್ಸಾರ ಮಾಡಬೇಡಿ, ಅದು ಜೀವ ಉಳಿಸಿದೆ. ಆದರೆ ಒಬ್ಬನಿಗೆ ಆಯ್ಕೆ ಇದ್ದು ಇನ್ನೊಬ್ಬನಿಗೆ ಇಲ್ಲದಿರುವುದು ಅನ್ಯಾಯ ಎಂಬುದನ್ನೂ ಮರೆಯಬೇಡಿ.

ಇದಕ್ಕೆ ವ್ಯತಿರಿಕ್ತವಾದ ಇಬ್ಬರನ್ನು ನೆನೆಯಿರಿ. ಟುಟು ಅವರಿಗೆ ರೋಗ ಪತ್ತೆಯಾದದ್ದು 1997ರಲ್ಲಿ. ಅವರು ಬದುಕಿದ್ದು 2021ರವರೆಗೆ, ತೀರಿಕೊಂಡಾಗ 90 ವರ್ಷ. ನೆಲ್ಸನ್ ಮಂಡೇಲಾ ಅವರಿಗೆ 2001ರಲ್ಲಿ ಪತ್ತೆಯಾಗಿ ವಿಕಿರಣ ಚಿಕಿತ್ಸೆ ನಡೆಯಿತು. ಅವರು 95 ವರ್ಷ ಬಾಳಿದರು. ಇಬ್ಬರೂ ಕಪ್ಪುವರ್ಣೀಯರೇ, ಇಬ್ಬರೂ ಆಫ್ರಿಕನ್ನರೇ. ಸಕಾಲದ ಪತ್ತೆ, ಸಿಗಬೇಕಾದ ಚಿಕಿತ್ಸೆ ಎರಡೂ ಸಿಕ್ಕಾಗ ಆಫ್ರಿಕದ ಗಂಡಸು ಎಷ್ಟು ಕಾಲ ಬಾಳಬಲ್ಲ ಎಂಬುದಕ್ಕೆ ಅವರೇ ಉದಾಹರಣೆ. ಅವರಿಗೆ ಸಿಕ್ಕಿದ್ದು ಅವರ ಊರಿನ ಸಾಮಾನ್ಯನಿಗೂ ಸಿಗಬೇಕು.

ಪಿಎಸ್‌ಎ ಪರೀಕ್ಷೆಯ ಬಗ್ಗೆಯೂ ನೇರವಾಗಿ ಹೇಳುತ್ತೇನೆ. ಅದು ಪರಿಪೂರ್ಣ ಪರೀಕ್ಷೆ ಅಲ್ಲ. ಗ್ರಂಥಿ ಊದಿದರೂ, ಸೋಂಕಾದರೂ ಅದರ ಮಟ್ಟ ಏರುತ್ತದೆ. ಎಂದೂ ತೊಂದರೆ ಕೊಡದ ಸಣ್ಣ ಕ್ಯಾನ್ಸರನ್ನೂ ಅದು ಹೊರಗೆಳೆದು, ಬೇಡದ ಶಸ್ತ್ರಚಿಕಿತ್ಸೆಗೆ, ಮೂತ್ರದ ಹಿಡಿತ ತಪ್ಪುವುದಕ್ಕೆ, ದಾಂಪತ್ಯದ ತೊಂದರೆಗೆ ದಾರಿ ಮಾಡಬಹುದು. ಈ ಕಾರಣಕ್ಕೇ 2012ರಲ್ಲಿ ಅಮೆರಿಕದ ತಜ್ಞ ಸಮಿತಿ ಸಾಮೂಹಿಕವಾಗಿ ಈ ಪರೀಕ್ಷೆ ಬೇಡವೆಂದಿತು. ಆಮೇಲಿನ ವರ್ಷಗಳಲ್ಲಿ ಹರಡಿದ ಹಂತದಲ್ಲಿ ಬರುವ ರೋಗಿಗಳು ಹೆಚ್ಚಾದರು. 2018ರಲ್ಲಿ ಸಮಿತಿ ನಿಲುವು ಸಡಿಲಿಸಿ, 55ರಿಂದ 69 ವರ್ಷದವರು ವೈದ್ಯರೊಡನೆ ಮಾತಾಡಿ ತೀರ್ಮಾನಿಸಲಿ ಎಂದಿತು.

ಆ ತೀರ್ಮಾನಗಳಿಗೆ ಆಧಾರವಾದ ಪ್ರಯೋಗಗಳಲ್ಲಿ ಯಾರಿದ್ದರು ಎಂದು ಕೇಳುವುದನ್ನು ಮರೆಯಬೇಡಿ. ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಕಪ್ಪುವರ್ಣೀಯರು ನೂರಕ್ಕೆ ಐದಕ್ಕಿಂತ ಕಡಿಮೆ. ಬ್ರಿಟನ್ನಿನಲ್ಲಿ ಚಿಕಿತ್ಸೆಗಳನ್ನು ಹೋಲಿಸಿದ ಪ್ರಸಿದ್ಧ ಪ್ರಯೋಗದಲ್ಲಿ ನೂರಕ್ಕೆ ಒಬ್ಬರಷ್ಟೂ ಇರಲಿಲ್ಲ. ಯಾರಿಗೆ ಅಪಾಯ ಹೆಚ್ಚೋ ಅವರನ್ನೇ ಹೊರಗಿಟ್ಟು ಬಂದ ಫಲಿತಾಂಶವನ್ನು ಅವರ ಮೇಲೇ ಹೇರಿದಂತಾಯಿತು. ಈಗ ತಪ್ಪು ತಿದ್ದುವ ಕೆಲಸ ನಡೆದಿದೆ. ಬ್ರಿಟನ್ನಿನ ಟ್ರಾನ್ಸ್‌ಫಾರ್ಮ್ ಪ್ರಯೋಗದಲ್ಲಿ ಆಹ್ವಾನಿತರಲ್ಲಿ ಹತ್ತಕ್ಕೊಬ್ಬರಾದರೂ ಕಪ್ಪುವರ್ಣೀಯರಿರಬೇಕೆಂದು ನಿರ್ಧರಿಸಿದ್ದಾರೆ. ಅಮೆರಿಕದಲ್ಲಿ ಕಪ್ಪುವರ್ಣೀಯರು 40ರಿಂದ 45ರ ವಯಸ್ಸಿನಲ್ಲೇ ಮೊದಲ ಪಿಎಸ್‌ಎ ಪರೀಕ್ಷೆ ಮಾಡಿಸಿಕೊಳ್ಳಲಿ ಎಂಬ ಸಲಹೆ 2024ರಲ್ಲಿ ಹೊರಬಂದಿದೆ. ಸ್ಕ್ಯಾನ್ ಮಾಡಿ ನೋಡಿದ ಮೇಲೆ ಬಯಾಪ್ಸಿ, ಸೌಮ್ಯ ರೂಪದ್ದಾದರೆ ಕಾದು ನೋಡುವ ಪದ್ಧತಿ ಇವೆಲ್ಲ ಬಂದಿರುವುದರಿಂದ ಹಿಂದಿನಷ್ಟು ಅನಗತ್ಯ ಹಾನಿಯೂ ಈಗಿಲ್ಲ.

ಪ್ರಯೋಗಕ್ಕೆ ಕರೆದರೂ ಜನ ಬರುವುದಿಲ್ಲ ಎಂದು ದೂರುವವರು ಇದ್ದಾರೆ. ಅವರಿಗೆ ಟಸ್ಕೀಗಿಯ ಹೆಸರು ಹೇಳಿ. 1932ರಿಂದ 1972ರವರೆಗೆ ಅಲಬಾಮಾ ರಾಜ್ಯದಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಇಲಾಖೆಯೇ ಸಿಫಿಲಿಸ್ ಇದ್ದ ಸುಮಾರು 400 ಕಪ್ಪು ಗಂಡಸರನ್ನು, ಪೆನ್ಸಿಲಿನ್ ಬಂದ ಮೇಲೂ ಚಿಕಿತ್ಸೆ ಕೊಡದೆ, ರೋಗ ಹೇಗೆ ಬೆಳೆಯುತ್ತದೆ ಎಂದು ನೋಡುತ್ತ ಕೂತಿತು. ಅವರ ಮೊಮ್ಮಕ್ಕಳಿಗೆ ಆಸ್ಪತ್ರೆ ಎಂದರೆ ಅನುಮಾನ ಬಂದರೆ ತಪ್ಪು ಯಾರದು? ಕಳೆದುಹೋದ ನಂಬಿಕೆಯನ್ನು ಭಾಷಣದಿಂದ ಮರಳಿ ಪಡೆಯಲಾಗದು. ರೋಗಿಗೆ ಎಲ್ಲವನ್ನೂ ಬಿಡಿಸಿ ಹೇಳಿ, ಅವನ ಒಪ್ಪಿಗೆಗೆ ಕಾದು, ಹೇಳಿದ ದಿನ ಹೇಳಿದ ಕೆಲಸ ಮಾಡಿದರೆ ಮಾತ್ರ ಅದು ಒಬ್ಬೊಬ್ಬರಾಗಿ ಮರಳುತ್ತದೆ.

ಗಂಡಸಿನ ಮೌನವೂ ಈ ರೋಗದ ಸಂಗಾತಿ. ಅಮೆರಿಕದ ರಕ್ಷಣಾ ಕಾರ್ಯದರ್ಶಿಯಾಗಿದ್ದ ಲಾಯ್ಡ್ ಆಸ್ಟಿನ್ 2023ರ ಡಿಸೆಂಬರ್‌ನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ತೊಡಕಾಗಿ ಮತ್ತೆ ಆಸ್ಪತ್ರೆ ಸೇರಿದಾಗ ಅಧ್ಯಕ್ಷರಿಗೂ ಕೆಲವು ದಿನ ಸುದ್ದಿ ಹೋಗಿರಲಿಲ್ಲ. ಆಮೇಲೆ ಅವರು ದೇಶದ ಮುಂದೆ ನಿಂತು ಕ್ಷಮೆ ಕೇಳಿ, ತಮ್ಮಂಥ ಕಪ್ಪುವರ್ಣೀಯರಲ್ಲಿ ಈ ರೋಗ ಎಷ್ಟು ಸಾಮಾನ್ಯ ಎಂದು ತಿಳಿಸಿ, ಪರೀಕ್ಷೆ ಮಾಡಿಸಿಕೊಳ್ಳಿ ಎಂದರು. ಸೇನೆಯನ್ನೇ ನಡೆಸಿದ ಗಂಡಸಿಗೆ ಇದನ್ನು ಹೇಳಿಕೊಳ್ಳಲು ಅಷ್ಟು ಕಷ್ಟವಾಯಿತು. ಹಾಡುಗಾರ ಹ್ಯಾರಿ ಬೆಲಫಾಂಟೆ ತಮ್ಮ ರೋಗದ ಬಗ್ಗೆ ಬಹಿರಂಗವಾಗಿ ಮಾತಾಡಿ ಎಷ್ಟೋ ಮಂದಿಗೆ ಧೈರ್ಯ ಕೊಟ್ಟರು. ನಮ್ಮ ಮನೆಗಳಲ್ಲೂ ಅಪ್ಪ, ಅಜ್ಜ ರಾತ್ರಿ ನಾಲ್ಕು ಸಲ ಎದ್ದು ಹೋಗುವುದನ್ನು ವಯಸ್ಸಿಗೆ ಸಹಜ ಎಂದು ಬಿಡುತ್ತೇವೆ. ಹೆಚ್ಚಿನ ಸಲ ಅದು ಕ್ಯಾನ್ಸರ್ ಅಲ್ಲದ ಊತವೇ ಆಗಿರುತ್ತದೆ, ಆದರೂ ಒಮ್ಮೆ ತೋರಿಸುವುದರಲ್ಲಿ ನಷ್ಟವಿಲ್ಲ.

ಮಕ್ಕಳೇ, ಈಗ ನಿಮ್ಮ ನಿಮ್ಮ ಕೆಲಸದ ಮಾತು. ಬ್ರಿಟನ್, ಅಮೆರಿಕಕ್ಕೆ ಹೋಗುವವರೇ, ನಲವತ್ತೈದರ ಕಪ್ಪುವರ್ಣೀಯ ಬೇರೆ ಯಾವುದೋ ತೊಂದರೆಗೆ ಬಂದಾಗಲೂ ಅವನ ಅಪ್ಪ, ಅಣ್ಣತಮ್ಮಂದಿರಿಗೆ ಈ ರೋಗ ಇತ್ತೇ ಎಂದು ನೀವಾಗಿಯೇ ಕೇಳಿ, ಪರೀಕ್ಷೆಯ ಒಳಿತು ಕೆಡುಕು ಎರಡನ್ನೂ ಹೇಳಿ. ಬೆಂಗಳೂರಿನಲ್ಲಿ ಆಫ್ರಿಕದ ರೋಗಿಯನ್ನು ನೋಡುವವರೇ, ಅವನು ಊರಿಗೆ ಮರಳಿದ ಮೇಲೆ ಯಾವ ಔಷಧಿ ಅಲ್ಲಿ ಸಿಗುತ್ತದೆ ಎಂದು ತಿಳಿದೇ ಚೀಟಿ ಬರೆಯಿರಿ. ಯಲ್ಲಾಪುರದಲ್ಲಿ ಇರುವವರೇ, ಸಿದ್ದಿಗಳ ಪೂರ್ವಜರು ಆಫ್ರಿಕದಿಂದ ಬಂದವರು ಎಂಬುದು ವಂಶವಾಹಿ ಅಧ್ಯಯನಗಳಲ್ಲೂ ದೃಢಪಟ್ಟಿದೆ. ಆದರೆ ಅಮೆರಿಕದ ಅಂಕಿಯನ್ನು ಹೇಳಿ ಅವರನ್ನು ಹೆದರಿಸಬೇಡಿ, ಏನೂ ಇಲ್ಲವೆಂದು ತಳ್ಳಿಯೂ ಹಾಕಬೇಡಿ. ಕುಟುಂಬದ ಚರಿತ್ರೆ ಕೇಳಿ, ತೊಂದರೆ ಕೇಳಿ, ಬರೆದಿಡಿ.

ದಕ್ಷಿಣ ಮಧ್ಯ ಏಷ್ಯಾದಲ್ಲಿ ಈ ರೋಗ ಪತ್ತೆಯಾಗುವುದು ಲಕ್ಷಕ್ಕೆ ಸುಮಾರು 6 ಮಂದಿಯಲ್ಲಿ ಮಾತ್ರ. ಅದನ್ನು ನೋಡಿ ನಾವು ಬಚಾವು ಅಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ಏಷ್ಯಾ ಮೂಲದವರಿಗೆ ಹದಿಮೂರಕ್ಕೊಬ್ಬರಂತೆ ಪತ್ತೆಯಾಗುತ್ತಿರುವುದನ್ನು ಆಗಲೇ ಓದಿದಿರಿ. ನಮ್ಮ ಆಯಸ್ಸು ಹೆಚ್ಚುತ್ತಿದೆ, ಪರೀಕ್ಷೆ ಹೆಚ್ಚುತ್ತಿದೆ. ಜಗತ್ತಿನಲ್ಲಿ ಈ ಕ್ಯಾನ್ಸರಿನ ಹೊಸ ರೋಗಿಗಳು 2040ರ ಹೊತ್ತಿಗೆ 29 ಲಕ್ಷ ಆಗಬಹುದೆಂದು ಲ್ಯಾನ್ಸೆಟ್ ಆಯೋಗ 2024ರಲ್ಲಿ ಅಂದಾಜಿಸಿದೆ. ಹೆಚ್ಚಳದ ದೊಡ್ಡ ಪಾಲು ಬಡ ಮತ್ತು ಮಧ್ಯಮ ಆದಾಯದ ದೇಶಗಳದು. ನೀವು ವೃತ್ತಿಯ ನಡುಹಾದಿ ತಲುಪುವ ಹೊತ್ತಿಗೆ ಅವರೆಲ್ಲ ನಿಮ್ಮ ಹೊರರೋಗಿ ವಿಭಾಗದ ಸಾಲಿನಲ್ಲಿ ಇರುತ್ತಾರೆ.

ಅವರಲ್ಲಿ ಪ್ರತಿಯೊಬ್ಬನೂ ಸಾವು ಹತ್ತಿರವಾಗುವ ಮೊದಲೇ ವೈದ್ಯರ ಬಳಿ ಬರುವಂತೆ ಮಾಡುವುದು ನಿಮ್ಮ ತಲೆಮಾರಿನ ಕೆಲಸ. ಈ ರೋಗದಲ್ಲಿ ತಡವಾಗಿ ಬಂದವನಿಗೆ ಯಾವ ಬಣ್ಣವೂ ರಕ್ಷೆ ಅಲ್ಲ, ಬೇಗ ಬಂದವನಿಗೆ ಯಾವ ಬಣ್ಣವೂ ಶಾಪ ಅಲ್ಲ. ಇದನ್ನು ನಂಬಿ ದುಡಿಯಿರಿ. ಇಂದೇ ಮನೆಗೆ ಫೋನ್ ಮಾಡಿ, ಐವತ್ತು ದಾಟಿದ ನಿಮ್ಮ ಅಪ್ಪನನ್ನೋ ದೊಡ್ಡಪ್ಪನನ್ನೋ ಮೂತ್ರದ ತೊಂದರೆ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ.